‘ನಿನಗೆ ಏನು ಬರುವುದಿಲ್ಲ?’

ಕಳೆದ ಅಕ್ಟೋಬರ್ ತಿಂಗಳಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಪತ್ರ ಬಂದಿತು. ಪಾಂಡವಪುರದ ಕಡೆಯ ಬೇಸಾಯಗಾರರ ಮನೆಯ ಹುಡುಗಿ. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ನಾಲ್ಕಾರು ವರ್ಷ ಅಲ್ಲಿ ಇಲ್ಲಿ ಅತಿಥಿ ಉಪನ್ಯಾಸಕಿಯಾಗಿ ದುಡಿದು, ಈಗ ಇಂಗ್ಲೆಂಡಿನಲ್ಲಿ ಪಿಎಚ್.ಡಿ. ಮಾಡಲು ವಿದ್ಯಾರ್ಥಿವೇತನ ಪಡೆದು ಹೋಗಿದ್ದಾಳೆ. ಹಳ್ಳಿಯಿಂದ ಸಿದ್ಧ ಉಡುಪಿನ ಕಾರ್ಖಾನೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಹೆಂಗಸರ ಸಂಪಾದನೆಯು ಮನೆಯೊಳಗೆ ಅವರ ಮಾತಿಗೆ ಎಷ್ಟು ತೂಕ ತಂದುಕೊಟ್ಟಿದೆ ಎಂಬುದು ಅವಳ ಸಂಶೋಧನೆಯ ವಿಷಯ. ಪತ್ರದಲ್ಲಿ ಚಳಿಯ ಮಾತು, ಬಾಡಿಗೆಯ ಮಾತು, ಸಾರಿನ ಪುಡಿಯ ಮಾತು ಎಲ್ಲ ಇದ್ದವು. ಕೊನೆಯಲ್ಲಿ ಹೀಗೆ ಬರೆದಿದ್ದಳು: “ಸರ್, ಇಲ್ಲಿಗೆ ಬಂದ ಮೊದಲ ವಾರವೇ ಒಂದು ನಮೂನೆ ಕೊಟ್ಟಿದ್ದಾರೆ. ನನಗೆ ಏನೇನು ಬರುತ್ತದೆ ಎಂದು ಕೇಳಿದ್ದಾರೆ, ಅದು ಸರಿ. ಏನೇನು ಬರುವುದಿಲ್ಲ ಎಂದೂ ಕೇಳಿದ್ದಾರೆ. ಆ ಭಾಗವೇ ದೊಡ್ಡದಾಗಿದೆ. ನಿಜ ಬರೆದರೆ ವೇತನಕ್ಕೆ ಕುತ್ತು ಬಂದೀತೇ?”

‘ನಿಜವನ್ನೇ ಬರೆ’ ಎಂದು ಉತ್ತರ ಕಳುಹಿಸಿದೆ. ಆದರೆ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಲವತ್ತು ವರ್ಷಗಳ ಹಿಂದೆ ಇಂಥದೊಂದು ನಮೂನೆಯನ್ನು ಯಾರಾದರೂ ನನ್ನ ಗೆಳೆಯನ ಕೈಗೆ ಕೊಟ್ಟಿದ್ದರೆ ಎಂಬ ಯೋಚನೆ ಬಿಡದೆ ಕಾಡಿತು.

ಓದುಗರ ಕ್ಷಮೆ ಬೇಡಿ ಸ್ವಲ್ಪ ಸ್ವಂತ ವಿಷಯ ಹೇಳುತ್ತೇನೆ. 1982ರಲ್ಲಿ ನಾವಿಬ್ಬರೂ ಒಂದೇ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಹೆಸರು ನೋಂದಾಯಿಸಿದೆವು. ಅದರ ಹೆಸರು ಇಲ್ಲಿ ಬೇಕಾಗಿಲ್ಲ. ನನ್ನ ಗೆಳೆಯ ಆರಿಸಿಕೊಂಡದ್ದು ಬಯಲುಸೀಮೆಯ ದನದ ಜಾತ್ರೆಗಳನ್ನು. ಚಳಿಗಾಲ ಮೊದಲುಗೊಂಡು ಬೇಸಗೆಯವರೆಗೆ ಜಾತ್ರೆಯಿಂದ ಜಾತ್ರೆಗೆ ಅಲೆದು, ರಾಸುಗಳ ನಡುವೆಯೇ ಮಲಗಿ, ದಲ್ಲಾಳಿಗಳು ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಭಾಷೆಯನ್ನು ಕಲಿತು ಬಂದಿದ್ದ. ಯಾವ ಊರಿನವನು ಯಾವ ಜೋಡಿಯನ್ನು ಎಷ್ಟಕ್ಕೆ ಕೊಂಡ, ಹಣವನ್ನು ಎಲ್ಲಿಂದ ತಂದ, ಸಾಲವಾದರೆ ಬಡ್ಡಿ ಎಷ್ಟು, ಮಳೆ ಕೈಕೊಟ್ಟ ವರ್ಷ ಮೊದಲು ಎತ್ತು ಮಾರಿದವರು ಯಾರು: ಇದೆಲ್ಲ ಹನ್ನೊಂದು ನೋಟು ಪುಸ್ತಕಗಳಲ್ಲಿ ತುಂಬಿದ್ದಿತು. ಅಷ್ಟು ಸಮೃದ್ಧವಾದ ಸಾಮಗ್ರಿಯನ್ನು ನಾನು ಮತ್ತೊಬ್ಬರ ಕೈಯಲ್ಲಿ ಕಂಡಿಲ್ಲ.

ಆದರೆ ಆ ಸಾಮಗ್ರಿಯನ್ನು ಸೋಸಿ ಅರ್ಥ ತೆಗೆಯಲು ಸಂಖ್ಯಾಶಾಸ್ತ್ರ ಬೇಕಾಗಿತ್ತು. ಅದು ಅವನಿಗೆ ಬರುತ್ತಿರಲಿಲ್ಲ. ಅವನ ಮಾರ್ಗದರ್ಶಕರು ಸಜ್ಜನರು, ಬಹುಶ್ರುತರು. ಆದರೆ ಅಂಕಿಅಂಶದ ದಾರಿ ಅವರದಲ್ಲ. ಸಂಖ್ಯಾಶಾಸ್ತ್ರದ ವಿಭಾಗ ಆಟದ ಬಯಲಿನ ಆಚೆ ಬದಿಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು. ಆ ಬಯಲನ್ನು ದಾಟಿ ಹೋಗಿ, ಬೇರೊಂದು ವಿಭಾಗದ ಅಧ್ಯಾಪಕರ ಮುಂದೆ ‘ನನಗೆ ಇದು ಬರುವುದಿಲ್ಲ, ಹೇಳಿಕೊಡಿ’ ಎನ್ನುವ ಪದ್ಧತಿ ಇರಲಿಲ್ಲ. ಹೋದರೆ ಸ್ವಂತ ಗುರುಗಳಿಗೆ ಅವಮಾನವಾದೀತೆಂಬ ಸಂಕೋಚ. ಹೋಗದಿದ್ದರೆ ಕೆಲಸ ಮುಂದೆ ಸಾಗದು. ಅವನು ತನಗೆ ಬಾರದುದನ್ನು ಮುಚ್ಚಿಟ್ಟುಕೊಂಡ. ಮೂರನೆಯ ವರ್ಷ ಮಾರ್ಗದರ್ಶಕರು ನಿವೃತ್ತರಾದರು. ಅದೇ ವರ್ಷ ವಿದ್ಯಾರ್ಥಿವೇತನ ಹನ್ನೊಂದು ತಿಂಗಳು ಬರಲಿಲ್ಲ. ಕಚೇರಿಗೆ ಹೋದರೆ ಕಡತ ಮೇಲಿದೆ ಎನ್ನುತ್ತಿದ್ದರು. ಮೇಲೆ ಹೋದರೆ ಕೆಳಗಿದೆ ಎನ್ನುತ್ತಿದ್ದರು. ಊರಿನಲ್ಲಿ ತಂಗಿಯ ಮದುವೆ ನಿಂತಿದ್ದಿತು. 1986ರಲ್ಲಿ ಅವನು ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ಸೇರಿಕೊಂಡ. ನೋಟು ಪುಸ್ತಕಗಳು ಟ್ರಂಕು ಸೇರಿದವು.

ನಾನು ಹೇಗೋ ಪ್ರಬಂಧವನ್ನು ಒಪ್ಪಿಸಿ ಅಧ್ಯಾಪಕನಾದೆ. ಅವನಿಗಿಂತ ಬುದ್ಧಿವಂತನೆಂದು ಯಾರೂ ಭಾವಿಸಬೇಕಾಗಿಲ್ಲ. ನನ್ನ ಅಣ್ಣ ತಿಂಗಳಿಗೆ ಮುನ್ನೂರು ರೂಪಾಯಿ ಮನಿಯಾರ್ಡರ್ ಮಾಡುತ್ತಿದ್ದ; ಅವನಿಗೆ ಅಂಥ ಅಣ್ಣ ಇರಲಿಲ್ಲ. ಇಷ್ಟೇ ವ್ಯತ್ಯಾಸ.

ನಮ್ಮ ಈ ಕಥೆ ನಡೆಯುತ್ತಿದ್ದ ವರ್ಷಗಳಲ್ಲಿಯೇ ಇಂಗ್ಲೆಂಡಿನಲ್ಲಿಯೂ ಹೆಚ್ಚುಕಡಮೆ ಇದೇ ವಿಚಾರವಾಗಿ ದೊಡ್ಡ ಚರ್ಚೆ ನಡೆದಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಆ ದೇಶದಲ್ಲಿ ಸಮಾಜ ವಿಜ್ಞಾನಗಳಿಗೆಂದು ಪ್ರತ್ಯೇಕವಾದ ಸರ್ಕಾರಿ ಸಂಶೋಧನಾ ಮಂಡಲಿ ಸ್ಥಾಪಿತವಾದದ್ದು 1965ರಲ್ಲಿ. ಮೊದಲ ಅಧ್ಯಕ್ಷರು ಸಮಾಜಶಾಸ್ತ್ರಜ್ಞ ಮೈಕೇಲ್ ಯಂಗ್. ಮನೆಯಲ್ಲಿದ್ದುಕೊಂಡೇ ಪದವಿ ಓದುವಂಥ ಮುಕ್ತ ವಿಶ್ವವಿದ್ಯಾಲಯ ಬೇಕೆಂದು ಮೊದಮೊದಲು ಹೇಳಿದವರಲ್ಲಿ ಅವರೂ ಒಬ್ಬರು. ಮಂಡಲಿಗೆ ಹದಿನೇಳು ವರ್ಷ ತುಂಬುವ ಹೊತ್ತಿಗೆ ಅದರ ಅಸ್ತಿತ್ವಕ್ಕೇ ಸಂಚಕಾರ ಬಂದಿತು. ಶಿಕ್ಷಣ ಸಚಿವ ಕೀತ್ ಜೋಸೆಫರಿಗೆ ಇಂಥ ಮಂಡಲಿಯೇ ಬೇಕೇ ಎಂಬ ಸಂಶಯ. ಅವರ ಕೋರಿಕೆಯಂತೆ ಲಾರ್ಡ್ ರಾತ್‌ಚೈಲ್ಡ್ ವಿಚಾರಣೆ ನಡೆಸಿ, ಮಂಡಲಿಯನ್ನು ಮುಚ್ಚಬಾರದೆಂದು 1982ರಲ್ಲಿ ವರದಿ ಕೊಟ್ಟರು. ಮಂಡಲಿ ಉಳಿಯಿತು; ಆದರೆ ಹೆಸರಿನೊಳಗಿದ್ದ ‘ವಿಜ್ಞಾನ’ ಎಂಬ ಮಾತು ಹೋಯಿತು. 1983ರಿಂದ ಅದು ಇಕನಾಮಿಕ್ ಅಂಡ್ ಸೋಷಿಯಲ್ ರಿಸರ್ಚ್ ಕೌನ್ಸಿಲ್, ಎಂದರೆ ಆರ್ಥಿಕ ಮತ್ತು ಸಾಮಾಜಿಕ ಸಂಶೋಧನಾ ಮಂಡಲಿ.

ಮಂಡಲಿಯ ಮೇಲಿದ್ದ ಆಕ್ಷೇಪಗಳಲ್ಲಿ ಒಂದನ್ನು ತಳ್ಳಿಹಾಕುವಂತಿರಲಿಲ್ಲ. ಅದರ ವೇತನವನ್ನು ಪಡೆದ ಬಹುಮಂದಿ ನಾಲ್ಕು ವರ್ಷ ಕಳೆದರೂ ಪ್ರಬಂಧವನ್ನು ಒಪ್ಪಿಸುತ್ತಿರಲಿಲ್ಲ. 1985ರಿಂದ ಮಂಡಲಿ ಬಿಗಿಯಾಯಿತು. ಯಾವ ಸಂಸ್ಥೆಯ ವಿದ್ಯಾರ್ಥಿಗಳು ಗೊತ್ತಾದ ಪ್ರಮಾಣದಲ್ಲಿ ಕೆಲಸ ಮುಗಿಸುವುದಿಲ್ಲವೋ ಆ ಸಂಸ್ಥೆಗೆ ವಿದ್ಯಾರ್ಥಿವೇತನಗಳೇ ಇಲ್ಲವೆಂದು ನಿಯಮ ಮಾಡಿತು. 1987ರಲ್ಲಿ ವಿನ್‌ಫೀಲ್ಡ್ ಎಂಬವರ ಸಮಿತಿ ಇದೇ ವಿಷಯವನ್ನು ಕುರಿತು ವರದಿ ಒಪ್ಪಿಸಿತು. ಗಮನಿಸಬೇಕಾದ ಸಂಗತಿ ಇಲ್ಲಿದೆ. ಅದುವರೆಗೆ ಪ್ರಬಂಧ ಮುಗಿಯದಿದ್ದರೆ ತಪ್ಪು ವಿದ್ಯಾರ್ಥಿಯದು ಎಂದು ಲೋಕ ತಿಳಿದಿತ್ತು. ಈಗ ಉತ್ತರ ಹೇಳಬೇಕಾದವರ ಸಾಲಿನಲ್ಲಿ ಸಂಸ್ಥೆಯೂ ನಿಲ್ಲಬೇಕಾಯಿತು. ಆ ದಂಡನೆ ಕ್ರೂರವೆಂದು ಅಂದು ಗೊಣಗಿದವರು ಉಂಟು. ಆದರೆ ವಿದ್ಯಾರ್ಥಿ ಏಕೆ ತಡಮಾಡುತ್ತಾನೆ ಎಂದು ವಿಶ್ವವಿದ್ಯಾಲಯಗಳು ಕೇಳಿಕೊಳ್ಳಲಾರಂಭಿಸಿದ್ದು ಅದರಿಂದಲೇ ಎಂದು ನನ್ನ ಎಣಿಕೆ.

ಕೇಳಿಕೊಂಡಾಗ ದೊರೆತ ಉತ್ತರ ನಮಗೆ ಹೊಸದಲ್ಲ. ಸಂಶೋಧನೆಯ ವಿಧಾನಗಳನ್ನು ಯಾರೂ ಕ್ರಮವಾಗಿ ಕಲಿಸುತ್ತಿರಲಿಲ್ಲ; ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಕೊಠಡಿ, ಉಳಿದದ್ದು ದೈವಚಿತ್ತ. ಈ ಶತಮಾನದ ಆರಂಭದಲ್ಲಿ ‘ಒಂದು ಕೂಡಿಸು ಮೂರು’ ಎಂಬ ಕ್ರಮ ಬಂದಿತು: ಒಂದು ವರ್ಷ ವಿಧಾನಗಳ ಅಧ್ಯಯನ, ಮೂರು ವರ್ಷ ಸಂಶೋಧನೆ. ಆದರೆ ಸಣ್ಣ ವಿಶ್ವವಿದ್ಯಾಲಯದಲ್ಲಿ ಇಬ್ಬರು ಮೂವರು ಸಂಶೋಧಕರಿಗಾಗಿ ಹತ್ತು ಬಗೆಯ ಪಾಠಗಳನ್ನು ಏರ್ಪಡಿಸುವುದು ಹೇಗೆ? ಆಗ ಹೊಳೆದ ಉಪಾಯ ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯಂಥದು. ನಾಟಿಯ ದಿನ ನಿಮ್ಮ ಮನೆಯ ಆಳು ನಮ್ಮ ಗದ್ದೆಗೆ, ನಾಳೆ ನಮ್ಮ ಮನೆಯ ಆಳು ನಿಮ್ಮ ಗದ್ದೆಗೆ. 2011ರಲ್ಲಿ ಮಂಡಲಿ ತನ್ನ ವೇತನಗಳನ್ನು 21 ತರಬೇತಿ ಕೇಂದ್ರಗಳ ಮೂಲಕ ಹಂಚಲಾರಂಭಿಸಿತು. 2017ರಲ್ಲಿ ಅವುಗಳ ಸ್ಥಾನಕ್ಕೆ 14 ಸಹಭಾಗಿತ್ವಗಳು ಬಂದವು. ಡಾಕ್ಟೊರಲ್ ಟ್ರೈನಿಂಗ್ ಪಾರ್ಟ್‌ನರ್‌ಷಿಪ್ ಎಂದು ಅವುಗಳ ಹೆಸರು. ಹಲವು ವಿಶ್ವವಿದ್ಯಾಲಯಗಳು ಒಂದುಗೂಡಿ ವಿದ್ಯಾರ್ಥಿಗಳನ್ನು ಆರಿಸುತ್ತವೆ, ಒಂದುಗೂಡಿ ಕಲಿಸುತ್ತವೆ. ವೇತನ ಮಂಡಲಿಯಿಂದ ಬರುತ್ತದೆ. ವಿಶ್ವವಿದ್ಯಾಲಯಗಳು ಸಹ ತಮ್ಮ ಪಾಲನ್ನು ಸೇರಿಸುವುದುಂಟು.

ಯಾರ್ಕ್‌ಷೈರ್ ಪ್ರಾಂತದ ಲಾಂಛನವಾದ ಬಿಳಿಯ ಗುಲಾಬಿಯ ಹೆಸರಿನ ಒಂದು ಸಹಭಾಗಿತ್ವದಲ್ಲಿ ಲೀಡ್ಸ್, ಶೆಫೀಲ್ಡ್, ಯಾರ್ಕ್ ವಿಶ್ವವಿದ್ಯಾಲಯಗಳ ಜೊತೆಗೆ ಹಲ್, ಬ್ರಾಡ್‌ಫರ್ಡ್ ಮೊದಲಾದವೂ ಸೇರಿದವು. ಗ್ರ್ಯಾಂಡ್ ಯೂನಿಯನ್ ಎಂಬ ಇನ್ನೊಂದರಲ್ಲಿ ಶತಮಾನಗಳ ಗರಿಮೆಯ ಆಕ್ಸ್‌ಫರ್ಡ್, ಲಂಡನ್ನಿನ ಬ್ರೂನೆಲ್, ಮೈಕೇಲ್ ಯಂಗರ ಕನಸಿನ ಕೂಸಾದ ಮುಕ್ತ ವಿಶ್ವವಿದ್ಯಾಲಯ ಈ ಮೂರೂ ಒಂದೇ ಪಂಕ್ತಿಯಲ್ಲಿ ಕುಳಿತವು. ಪಂಕ್ತಿಭೇದಕ್ಕೆ ಹೆಸರಾದ ವಿದ್ಯಾಲೋಕದಲ್ಲಿ ಇದೇನೂ ಸಣ್ಣ ಮಾತಲ್ಲ. ಒಂದು ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರದ ತರಗತಿಗೆ ನೆರೆಯ ವಿಶ್ವವಿದ್ಯಾಲಯದ ಮಾನವಶಾಸ್ತ್ರದ ವಿದ್ಯಾರ್ಥಿ ಹಕ್ಕಿನಿಂದ ಹೋಗಿ ಕುಳಿತುಕೊಳ್ಳಬಹುದು. ನನ್ನ ಗೆಳೆಯ ದಾಟಲಾರದೆ ನಿಂತ ಆ ಆಟದ ಬಯಲನ್ನು ಇವರು ದಾರಿಮಾಡಿ ದಾಟಿಸಿದ್ದಾರೆ. ಸಂಶೋಧನೆಗೆ ಬೇಕಾದ ಕಷ್ಟದ ಭಾಷೆಯನ್ನು ಕಲಿಯಬೇಕಾದವರಿಗೆ ಹೆಚ್ಚಿನ ಕಾಲವನ್ನೂ ಆ ಕಾಲಕ್ಕೆ ವೇತನವನ್ನೂ ಕೊಡುವ ಏರ್ಪಾಡು ಮಂಡಲಿಯ ನಿಯಮಗಳಲ್ಲಿ ಉಂಟು. ದಲ್ಲಾಳಿಗಳ ಬೆರಳ ಭಾಷೆಯನ್ನು ಆ ಪಟ್ಟಿಗೆ ಸೇರಿಸುತ್ತಿದ್ದರೋ ಇಲ್ಲವೋ!

ಎಲ್ಲವೂ ಚಿನ್ನವೆಂದು ನಾನು ಹೇಳುತ್ತಿಲ್ಲ. ಸಹಭಾಗಿತ್ವದ ಒಳಗಿರುವವರಿಗೆ ನೆರಳು, ಹೊರಗಿರುವ ವಿಶ್ವವಿದ್ಯಾಲಯಕ್ಕೆ ಬಿಸಿಲು ಎಂಬ ದೂರಿನಲ್ಲಿ ಹುರುಳಿದೆ. 2025-26ನೆಯ ಸಾಲಿಗೆ ಅಲ್ಲಿ ಗೊತ್ತುಮಾಡಿದ ಕನಿಷ್ಠ ವೇತನ ವರ್ಷಕ್ಕೆ 20,780 ಪೌಂಡು. ನಮ್ಮ ರೂಪಾಯಿಗೆ ತಿರುಗಿಸಿದರೆ ಕಣ್ಣರಳುವ ಮೊತ್ತವೇ. ಆದರೆ ದೊಡ್ಡ ಪಟ್ಟಣಗಳ ಮನೆ ಬಾಡಿಗೆ ಅದರ ಬಹುಭಾಗವನ್ನು ನುಂಗುತ್ತದೆ ಎಂದು ನನ್ನ ವಿದ್ಯಾರ್ಥಿನಿಯೇ ಬರೆದಿದ್ದಾಳೆ. ವಿಧಾನಗಳ ಪಾಠ ಬರಬರುತ್ತ ಎಲ್ಲರಿಗೂ ಒಂದೇ ಅಳತೆಯ ಅಂಗಿಯಾಗುವ ಅಪಾಯವೂ ಇದ್ದಿತು. 2021ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಪ್ರತಿಯೊಬ್ಬ ಸಂಶೋಧಕನ ಕೊರತೆಯನ್ನು ಅವನಿಂದಲೇ ಕೇಳಿ ತಿಳಿದು ಅದಕ್ಕೆ ತಕ್ಕ ಪಾಠವನ್ನು ಏರ್ಪಡಿಸಬೇಕೆಂದು ಹೇಳಿತು. 2024ರಿಂದ ನಡೆಯುತ್ತಿರುವ ಹೊಸ ಸುತ್ತಿನಲ್ಲಿ ಅದು ಜಾರಿಗೆ ಬಂದಿದೆ. ಜೊತೆಗೆ ವಿಶ್ವವಿದ್ಯಾಲಯದ ಹೊರಗೆ ಮೂರು ತಿಂಗಳು ಕೆಲಸ ಮಾಡಿ ಕಲಿಯುವ ಏರ್ಪಾಡೂ ಬಂದಿದೆ. ನನ್ನ ವಿದ್ಯಾರ್ಥಿನಿಯನ್ನು ಗಾಬರಿಗೊಳಿಸಿದ ನಮೂನೆಯ ಮೂಲ ಇದು. ಅವಳು ಅಲ್ಲಿಗೆ ಹೋಗಲು ಸಾಧ್ಯವಾದದ್ದೂ ಈಚಿನ ಮಾತೇ. 2021ರಿಂದ ಮಾತ್ರ ಪರದೇಶದವರಿಗೂ ಈ ವೇತನಗಳಲ್ಲಿ ಒಂದು ಪಾಲು ತೆರೆದಿದೆ.

ಇಷ್ಟೆಲ್ಲ ವ್ಯವಸ್ಥೆ ಇಲ್ಲದ ಕಾಲದಲ್ಲಿ ಒಳ್ಳೆಯ ಸಂಶೋಧನೆ ನಡೆಯಲಿಲ್ಲವೆ ಎಂದು ಯಾರಾದರೂ ಕೇಳಬಹುದು. ನಡೆಯಿತು. ಅದಕ್ಕೆ ಸಾಕ್ಷಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನನ್ನ ವಿದ್ಯಾರ್ಥಿನಿಯ ಮಂಡ್ಯ ಜಿಲ್ಲೆಯಲ್ಲಿಯೇ ಇದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ 1954ರಲ್ಲಿ ಅಲ್ಲಿಗೆ ಬಂದರು. ನಾಜಿಗಳ ಕಾಲದಲ್ಲಿ ವಿಯೆನ್ನಾ ನಗರವನ್ನು ಬಿಟ್ಟು ಇಂಗ್ಲೆಂಡಿಗೆ ಬಂದು ನೆಲೆಸಿದ್ದ ಹೆಣ್ಣುಮಗಳು. ತಮ್ಮ ಗ್ರಂಥದಲ್ಲಿ ವಂಗಳ, ದಲೇನ ಎಂಬ ಕಲ್ಪಿತ ಹೆಸರುಗಳನ್ನು ಕೊಟ್ಟು ಎರಡು ಹಳ್ಳಿಗಳನ್ನು ಅವರು ಅಭ್ಯಸಿಸಿದರು. ಒಂದಕ್ಕೆ ನಾಲೆಯ ನೀರು ಬಂದಿತ್ತು. ಇನ್ನೊಂದರ ಜಮೀನು ಒಣಭೂಮಿಯಾಗಿಯೇ ಉಳಿದಿತ್ತು. ನೀರು ಬಂದ ಊರಿನಲ್ಲಿಯೇ ಸಮಾಜ ಹೆಚ್ಚು ಬದಲಾಗುತ್ತದೆಂದು ನಾವು ನೀವು ಎಣಿಸುತ್ತೇವೆ. ಅವರು ಕಂಡದ್ದು ಬೇರೆ. ನೀರು ಬಂದ ವಂಗಳದಲ್ಲಿ ಕಬ್ಬು ಬೆಳೆಯಿತು, ಹಣ ಬಂದಿತು. ಆದರೆ ಒಕ್ಕಲಿಗೂ ಆಳಿಗೂ ಇದ್ದ ಪೂರ್ವಕಾಲದ ಸಂಬಂಧ ಹಾಗೆಯೇ ಉಳಿಯಿತು. ನೀರಿಲ್ಲದ ದಲೇನದ ಜನ ಮಂಡ್ಯದ ಪೇಟೆ, ಕಾರ್ಖಾನೆ, ಗಾಡಿ ಬಾಡಿಗೆ ಎಂದು ಹೊರಗೆ ಹೊಟ್ಟೆಪಾಡು ಹುಡುಕಿದರು. ಹಳೆಯ ಕಟ್ಟುಗಳು ಸಡಿಲಾದದ್ದು ಅಲ್ಲಿ. 1962ರಲ್ಲಿ ಆ ಗ್ರಂಥ ಹೊರಬಂದಿತು.

ಈ ಸತ್ಯ ಕಾಣಬೇಕಾದರೆ ಮನೆಮನೆಯ ಜಮಾಖರ್ಚನ್ನು ಬರೆಯುವ ಕೈ ಬೇಕು. ಜಗಲಿಯ ಮೇಲೆ ಕುಳಿತು ಜನರ ಮಾತು ಕೇಳುವ ಕಿವಿಯೂ ಬೇಕು. ಎಪ್‌ಸ್ಟೈನರಿಗೆ ಮ್ಯಾಂಚೆಸ್ಟರಿನಲ್ಲಿ ಎರಡೂ ದೊರೆತವು. ಮಾನವಶಾಸ್ತ್ರಕ್ಕೆ ಮ್ಯಾಕ್ಸ್ ಗ್ಲಕ್‌ಮನ್ ಇದ್ದರು. ಅರ್ಥಶಾಸ್ತ್ರದಲ್ಲಿ ಮುಂದೆ 1979ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಆರ್ಥರ್ ಲೂಯಿಸ್ ಇದ್ದರು. ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸರ ಕಥೆಯೂ ಇಂಥದೇ. ಮುಂಬಯಿಯಲ್ಲಿ ಘುರ್ಯೆಯವರ ಬಳಿ ಕೊಡವರನ್ನು ಕುರಿತು ಸಾಮಗ್ರಿ ಕೂಡಿಸಿ ಪ್ರಬಂಧ ಬರೆದಿದ್ದವರು, 1945ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ರ‍್ಯಾಡ್‌ಕ್ಲಿಫ್-ಬ್ರೌನರ ಕೈಕೆಳಗೆ ಅದೇ ಸಾಮಗ್ರಿಯನ್ನು ಹೊಸ ಕಣ್ಣಿನಿಂದ ನೋಡಿದರು. ಆಮೇಲೆ ಅಲ್ಲಿ ಅಧ್ಯಾಪಕರಾಗಿ ನೇಮಕವಾದಾಗ, ಮೊದಲ ವರ್ಷವನ್ನು ಮೈಸೂರಿನ ಹಳ್ಳಿಯೊಂದರಲ್ಲಿ ಕಳೆಯಲು ಇವಾನ್ಸ್-ಪ್ರಿಚರ್ಡ್ ಅನುವು ಮಾಡಿಕೊಟ್ಟರು. 1948ರ ಆ ವಾಸದ ಫಲವೇ, ಟಿಪ್ಪಣಿಗಳೆಲ್ಲ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದ ಮೇಲೂ ನೆನಪಿನಿಂದ ಅವರು ಬರೆದು 1976ರಲ್ಲಿ ಪ್ರಕಟಿಸಿದ ಗ್ರಂಥ. ಇಬ್ಬರಿಗೂ ಒಬ್ಬರಿಗಿಂತ ಹೆಚ್ಚು ಗುರುಗಳು ಸಿಕ್ಕಿದರು, ಕಾಲ ಸಿಕ್ಕಿತು. ಸಿಕ್ಕದೆ ಹೋದವರ ಗ್ರಂಥಗಳನ್ನು ನಾವು ಓದಿಲ್ಲ, ಏಕೆಂದರೆ ಅವು ಬರೆಯಲ್ಪಡಲೇ ಇಲ್ಲ. ಅದೃಷ್ಟವಂತರಿಗೆ ತಾನಾಗಿ ದೊರೆತದ್ದನ್ನು ಅದೃಷ್ಟವಿಲ್ಲದವರಿಗೂ ದೊರೆಯುವಂತೆ ಮಾಡುವುದಲ್ಲದೆ ವ್ಯವಸ್ಥೆಗೆ ಬೇರೆ ಅರ್ಥವುಂಟೆ?

ನಮ್ಮಲ್ಲಿ ಈ ಯೋಚನೆ ಹುಟ್ಟಲಿಲ್ಲವೆಂದು ಹೇಳಿದರೆ ಹಿರಿಯರಿಗೆ ಅಪಚಾರವಾದೀತು. ಇಂಗ್ಲೆಂಡಿನ ಮಂಡಲಿ ಹುಟ್ಟಿದ ಆ 1965ರಲ್ಲಿಯೇ ಇಲ್ಲಿ ವಿ. ಕೆ. ಆರ್. ವಿ. ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಏರ್ಪಟ್ಟಿತು. ಅದರ ಶಿಫಾರಸಿನಂತೆ 1969ರಲ್ಲಿ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಲಿ ಸ್ಥಾಪನೆಯಾಯಿತು. 1972ರಲ್ಲಿ ರಾವ್ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದರು. ಶ್ರೀನಿವಾಸರು ದೆಹಲಿಯನ್ನು ಬಿಟ್ಟು ಬಂದು ಅವರ ಜೊತೆಗೆ ನಿಂತರು. ಇಂದಿಗೂ ನಾಗರಭಾವಿಯ ಆ ಸಂಸ್ಥೆಗೆ ಹಣ ಬರುವುದು ಕೇಂದ್ರದ ಮಂಡಲಿಯಿಂದಲೂ ರಾಜ್ಯ ಸರ್ಕಾರದಿಂದಲೂ. ಅಲ್ಲಿಯ ಸಂಶೋಧಕರಿಗೆ ಪದವಿ ಕೊಡುವುದು ಮೈಸೂರು ವಿಶ್ವವಿದ್ಯಾಲಯ. ಅನ್ನ ಒಂದು ಕಡೆಯದು, ಪಾಠ ಇನ್ನೊಂದು ಕಡೆಯದು, ಪದವಿ ಮತ್ತೊಂದು ಕಡೆಯದು. ಇದೂ ಸಹಭಾಗಿತ್ವವೇ ಅಲ್ಲವೆ? ವರ್ಷಕ್ಕೆ ಎರಡು ಬಾರಿ ಸಂಶೋಧಕರೆಲ್ಲರೂ ತಮ್ಮ ಕೆಲಸವನ್ನು ಎಲ್ಲ ಅಧ್ಯಾಪಕರ ಮುಂದೆ ಮಂಡಿಸುವ ಪದ್ಧತಿ ಅಲ್ಲಿ ಉಂಟು. ಅರ್ಥಶಾಸ್ತ್ರದವನಿಗೆ ಸಮಾಜಶಾಸ್ತ್ರದವರು ಪ್ರಶ್ನೆ ಕೇಳುತ್ತಾರೆ. ಮುಚ್ಚಿಟ್ಟುಕೊಂಡ ಕೊರತೆ ಆರು ತಿಂಗಳಿಗಿಂತ ಹೆಚ್ಚು ಕಾಲ ಮುಚ್ಚಿರಲಾರದು.

ವಿಶ್ವವಿದ್ಯಾಲಯಗಳ ಧನಸಹಾಯ ಆಯೋಗದ ನಿಯಮಗಳೂ ಸುಧಾರಿಸಿವೆ. 2009ರಲ್ಲಿ ಸಂಶೋಧಕರಿಗೆ ವಿಧಾನಗಳ ಪಾಠ ಕಡ್ಡಾಯವಾಯಿತು. 2022ರ ನಿಯಮಾವಳಿಯಂತೆ, ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಮೆ ಉಳಿದಿರುವವರು ಹೊಸ ಸಂಶೋಧಕರನ್ನು ತೆಗೆದುಕೊಳ್ಳುವಂತಿಲ್ಲ. ಈ ಸಾಲನ್ನು ಓದಿದಾಗ ನನ್ನ ಗೆಳೆಯನ ಮುಖ ಕಣ್ಣೆದುರಿಗೆ ಬಂದಿತೆಂದು ಬೇರೆ ಹೇಳಬೇಕಾಗಿಲ್ಲ. ಅರ್ಹತಾ ಪರೀಕ್ಷೆಯಲ್ಲಿ ಆಯ್ಕೆಯಾದ ಸಂಶೋಧಕರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಗೊತ್ತಾಗಿದೆ. ಮೊತ್ತ ಒಳ್ಳೆಯದೇ. ಆದರೆ ತಿಂಗಳು ತಿಂಗಳಿಗೆ ಕೈಸೇರದ ವೇತನ ಕಾಗದದ ಮೇಲೆ ಎಷ್ಟಿದ್ದರೂ ಬಡವರ ಮನೆಯ ಮಗುವಿಗೆ ಪ್ರಯೋಜನವಿಲ್ಲ. ತಡವಾದ ಅನ್ನ ಹಸಿದವನನ್ನು ಬೇರೊಂದು ಮನೆಯ ಬಾಗಿಲಿಗೆ ಕಳುಹಿಸುತ್ತದೆ.

ನನ್ನ ಮನಸ್ಸಿನಲ್ಲಿ ಇನ್ನೂ ಒಂದು ಕೊರತೆ ಇದೆ. ಎರಡು ಮೂರು ವಿಶ್ವವಿದ್ಯಾಲಯಗಳ ನಡುವೆ ಕೆಲವೇ ಗಂಟೆಗಳ ಹಾದಿ ಇರುವ ನಾಡು ನಮ್ಮದು. ಮೈಸೂರಿನ ಸಂಶೋಧಕ ಧಾರವಾಡದ ಗುರುವನ್ನು, ಕಲಬುರಗಿಯ ಸಂಶೋಧಕಿ ಬೆಂಗಳೂರಿನ ತರಗತಿಯನ್ನು ಹಕ್ಕಿನಿಂದ ಕೇಳಿ ಪಡೆಯುವ ದಿನ ಬರಬೇಕು. ನಮ್ಮ ಹಳ್ಳಿಯನ್ನು ಕುರಿತ ಪ್ರಬಂಧ ಆ ಹಳ್ಳಿಯವರ ಭಾಷೆಯಲ್ಲಿ ನಾಲ್ಕು ಪುಟವಾದರೂ ಊರಿಗೆ ಹಿಂದಿರುಗಬೇಕು. ಸಹಭಾಗಿಗಳ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳು ಇದ್ದರೆ ಸಾಲದು. ಜಗಲಿಯ ಮೇಲೆ ಚಾಪೆ ಹಾಸಿ ನಮ್ಮ ಪ್ರಶ್ನೆಗಳಿಗೆ ಉತ್ತರ ಹೇಳಿದವರೂ ಇರಬೇಕು.

ಕಳೆದ ತಿಂಗಳು ಗೆಳೆಯನ ಊರಿಗೆ ಹೋಗಿದ್ದೆ. ಅವನಿಗೂ ವಯಸ್ಸಾಗಿದೆ, ಬ್ಯಾಂಕಿನಿಂದ ನಿವೃತ್ತನಾಗಿ ತೆಂಗಿನ ತೋಟ ನೋಡಿಕೊಂಡಿದ್ದಾನೆ. ಕಾಫಿ ಕುಡಿಯುತ್ತ ಆ ನಮೂನೆಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೆ ಕೊಟ್ಟಿದ್ದರೆ ಒಂದೇ ಸಾಲು ಬರೆಯುತ್ತಿದ್ದೆ ಕಣಯ್ಯ, ಲೆಕ್ಕ ಬರುವುದಿಲ್ಲ ಅಂತ” ಎಂದು ನಕ್ಕ. ಆಮೇಲೆ ಒಳಗೆ ಹೋಗಿ ಟ್ರಂಕಿನಿಂದ ನೋಟು ಪುಸ್ತಕಗಳನ್ನು ತಂದ. ಎರಡನ್ನು ಗೆದ್ದಲು ತಿಂದಿತ್ತು, ಒಂಬತ್ತು ಉಳಿದಿದ್ದವು. ಬೇವಿನ ಎಲೆ ಹಾಕಿ ಇಟ್ಟಿದ್ದ. “ನಿನ್ನ ಹುಡುಗಿಗೆ ಇವು ಏನಾದರೂ ಉಪಯೋಗಕ್ಕೆ ಬರುತ್ತವೆಯೇ ಕೇಳು” ಎಂದ.

ಕೇಳಿದೆ. ನಾಲ್ಕು ದಿನದಲ್ಲಿ ಉತ್ತರ ಬಂದಿತು. ಕ್ಷೇತ್ರಕಾರ್ಯಕ್ಕೆಂದು ಊರಿಗೆ ಬಂದಾಗ ಮೊದಲು ಅವರ ಮನೆಗೆ ಹೋಗುತ್ತಾಳಂತೆ. ಎತ್ತು ಮಾರಿದ ಮನೆಗಳಲ್ಲಿ ಮುಂದೆ ಕಾರ್ಖಾನೆಯ ಬಸ್ಸು ಹತ್ತಿದವರು ಯಾರು ಎಂದು ನೋಡಬೇಕಂತೆ. ಕೊನೆಯಲ್ಲಿ ಬರೆದಿದ್ದಳು: “ನಮೂನೆಯಲ್ಲಿ ನಿಜವನ್ನೇ ಬರೆದೆ, ಸರ್. ಪುಸ್ತಕಗಳನ್ನು ಜೋಪಾನವಾಗಿ ಇಟ್ಟಿರಲು ಹೇಳಿ. ಲೆಕ್ಕ ನಾನು ಕಲಿತುಕೊಂಡು ಬರುತ್ತೇನೆ.”